ಕಾರ್ಡು ಸಾಯುತ್ತದೆ, ಡಿಸ್ಕು ತೆವಳುತ್ತದೆ: ಅಂಗೈಯಗಲದ ಕಂಪ್ಯೂಟರಿನ ಪ್ರಶ್ನೋತ್ತರ

ಪ್ರಶ್ನೆ: ಅಡಿಕೆ ತೋಟದ ಮಳೆ, ತೇವಾಂಶ ದಾಖಲಿಸಲು ರಾಸ್ಪ್‌ಬೆರಿ ಪೈ 3 ಎಂಬ ಪುಟ್ಟ ಕಂಪ್ಯೂಟರ್ ಇಟ್ಟಿದ್ದೇನೆ. ನಿಮಿಷಕ್ಕೊಂದು ಸಾಲು ಬರೆಯುತ್ತದೆ, ಅಷ್ಟೇ ಕೆಲಸ. ಜೂನ್‌ನಿಂದ ಈಚೆಗೆ ಮೂರು ಮೈಕ್ರೋ ಎಸ್‌ಡಿ ಕಾರ್ಡು ಹೋಯಿತು. ಕರೆಂಟು ಹೋಗಿ ಬಂದ ಮೇಲೆ ಬೂಟೇ ಆಗುವುದಿಲ್ಲ. 32 ಜಿಬಿಯಲ್ಲಿ ಕಾಲು ಭಾಗವೂ ತುಂಬಿಲ್ಲ. ಬೋರ್ಡಿನದ್ದೇ ದೋಷ ಉಂಟಾ?
— ಓದುಗರು, ಕಾರ್ಕಳ

ಉತ್ತರ: ಬೋರ್ಡನ್ನು ಬಿಡಿ, ಮೊದಲು ಚಾರ್ಜರ್ ಮತ್ತು ಕೇಬಲ್ ನೋಡಿ. ಪೈ 3ಕ್ಕೆ ಬೇಕಾದದ್ದು 5.1 ವೋಲ್ಟ್, 2.5 ಆಂಪಿಯರ್. 4.63 ವೋಲ್ಟ್‌ಗಿಂತ ಕೆಳಗಿಳಿದರೆ ಅದು ಎಚ್ಚರಿಕೆ ಕೊಡುತ್ತದೆ. ಫೋನಿನ ಜೊತೆ ಬರುವ ಸಪೂರ ಕೇಬಲ್‌ಗಳಲ್ಲಿ ಹಲವಕ್ಕೆ 28 ಗೇಜ್ ತಂತಿ (ಗೇಜ್ ಸಂಖ್ಯೆ ಹೆಚ್ಚಿದಷ್ಟೂ ತಂತಿ ಸಪೂರ). ಒಂದು ಮೀಟರ್ ಉದ್ದಕ್ಕೆ ಹೋಗಿ ಬರುವ ದಾರಿ ಸೇರಿಸಿದರೆ ಸುಮಾರು 0.43 ಓಮ್. ಒಂದು ಆಂಪಿಯರ್ ಹರಿದರೆ ಚಾರ್ಜರಿನ 5 ವೋಲ್ಟ್ ಬೋರ್ಡಿಗೆ ಮುಟ್ಟುವಾಗ 4.57! 20 ಗೇಜ್ ಕೇಬಲ್‌ನಲ್ಲಾದರೆ ಅದೇ ದೂರಕ್ಕೆ 4.93 ಉಳಿಯುತ್ತದೆ. ಬೋರ್ಡಿನ ಕೆಂಪು ದೀಪ ಆಗಾಗ ಆರಿದರೆ ವೋಲ್ಟೇಜ್ ಇಳಿಯುತ್ತಿದೆ ಎಂದೇ ಲೆಕ್ಕ. ಟರ್ಮಿನಲ್‌ನಲ್ಲಿ ‘ವಿಸಿಜೆನ್‌ಸಿಎಂಡಿ’ಯ ‘ಗೆಟ್ ಥ್ರಾಟಲ್ಡ್’ ಆಜ್ಞೆ (vcgencmd get_throttled) ಕೊಟ್ಟು ನೋಡಿ. ಉತ್ತರ ಬರೀ ಸೊನ್ನೆಯಾದರೆ ಕ್ಷೇಮ. 50000 ಕಂಡರೆ ಬೂಟ್ ಆದ ಮೇಲೆ ಯಾವಾಗಲೋ ಇಳಿದಿತ್ತು, 50005 ಕಂಡರೆ ಈಗಲೂ ಇಳಿದೇ ಇದೆ.

ಇನ್ನು ಕಾರ್ಡು. ನಿಮ್ಮ ಒಂದು ಸಾಲು 40 ಬೈಟ್ ಎಂದಿಟ್ಟುಕೊಳ್ಳಿ. ದಿನಕ್ಕೆ 1,440 ಸಾಲು, ಎಂದರೆ 57,600 ಬೈಟ್. ವರ್ಷಕ್ಕೆ 21 ಎಂಬಿ. ಕಾರ್ಡು ತುಂಬದಿರುವುದು ಸಹಜ, ಏಕೆಂದರೆ ಇಲ್ಲಿ ಸಮಸ್ಯೆ ಜಾಗದ್ದಲ್ಲ. ಫ್ಲ್ಯಾಶ್ ಚಿಪ್‌ನಲ್ಲಿ ನಾಲ್ಕು ಅಕ್ಷರವನ್ನು ಇದ್ದಲ್ಲೇ ತಿದ್ದಲು ಬರುವುದಿಲ್ಲ. ಅಳಿಸುವುದಾದರೆ ದೊಡ್ಡ ಬ್ಲಾಕನ್ನು ಒಟ್ಟಿಗೇ ಅಳಿಸಬೇಕು. ಹಾಗಾಗಿ ಕಾರ್ಡಿನೊಳಗಿನ ಕಂಟ್ರೋಲರ್ ಹಳೆಯ ಮಾಹಿತಿಯನ್ನು ಬೇರೆಡೆಗೆ ನಕಲಿಸುತ್ತಾ, ಖಾಲಿಯಾದ ಬ್ಲಾಕನ್ನು ಅಳಿಸುತ್ತಾ ಇರುತ್ತದೆ. 40 ಬೈಟ್‌ಗೆ ಇಷ್ಟು ಓಡಾಟ, ಅದೂ ನಿಮಿಷಕ್ಕೊಮ್ಮೆ. ಅದರ ನಡುವೆ ಕರೆಂಟು ಹೋದರೆ ಸ್ಥಳಾಂತರವಾಗುತ್ತಿದ್ದ ಯಾವುದೋ ಫೈಲು ಹಾಳು. ನೀವು ಮುಟ್ಟದೇ ಇದ್ದ ಸಿಸ್ಟಮ್ ಫೈಲೇ ಕೆಟ್ಟು ಬೂಟ್ ನಿಲ್ಲುವುದು ಇದರಿಂದಲೇ.

ಮಾಡಬೇಕಾದದ್ದು ಇಷ್ಟು. ಸಾಲುಗಳನ್ನು ಟೆಂಪ್‌ಎಫ್‌ಎಸ್‌ನಲ್ಲಿ, ಎಂದರೆ ರ್‍ಯಾಮ್‌ನಲ್ಲಿ, ಕೂಡಿಸಿಟ್ಟು ಗಂಟೆಗೊಮ್ಮೆ ಒಂದು ಪೆನ್‌ಡ್ರೈವ್‌ಗೆ ಬರೆಯಿರಿ. 1,440 ಬರಹ 24ಕ್ಕೆ ಇಳಿಯುತ್ತದೆ. ಕರೆಂಟು ಹೋದರೆ ಹೆಚ್ಚೆಂದರೆ ಒಂದು ಗಂಟೆಯ ಮಾಹಿತಿ ನಷ್ಟ. ರ್‍ಯಾಮ್ ಸಾಲದಾಗ ಕಾರ್ಡಿನ ಜಾಗವನ್ನೇ ರ್‍ಯಾಮ್ ಹಾಗೆ ಬಳಸುವ ‘ಸ್ವಾಪ್’ ನಿಲ್ಲಿಸಿ. ಆಮೇಲೆ ಸೆಟ್ಟಿಂಗ್ ಬದಲಿಸುವ ‘ರಾಸ್ಪಿ-ಕಾನ್ಫಿಗ್’ನ ‘ಪರ್ಫಾರ್ಮೆನ್ಸ್’ ವಿಭಾಗಕ್ಕೆ ಹೋಗಿ ‘ಓವರ್‌ಲೇ ಫೈಲ್ ಸಿಸ್ಟಮ್’ ಆನ್ ಮಾಡಿ. ಆಗ ಕಾರ್ಡಿನ ಸಿಸ್ಟಮ್ ಭಾಗವನ್ನು ಬೋರ್ಡು ಓದುತ್ತದೆ, ಬರೆಯುವುದಿಲ್ಲ. ಆದರೆ ಓವರ್‌ಲೇ ಇರುವಾಗ ಮಾಡಿದ ಅಪ್‌ಡೇಟ್ ರೀಬೂಟ್ ಆದೊಡನೆ ಮಾಯ. ಓವರ್‌ಲೇ ತೆಗೆದು ರೀಬೂಟ್, ಅಪ್‌ಡೇಟ್, ಮತ್ತೆ ಓವರ್‌ಲೇ ಹಾಕಿ ರೀಬೂಟ್, ಇದೇ ಕ್ರಮ. ಈ ವ್ಯವಸ್ಥೆ ರ್‍ಯಾಮ್ ತಿನ್ನುತ್ತದೆ ಕೂಡ. ಪೈ 3ರಲ್ಲಿರುವುದೇ 1 ಜಿಬಿ, ಆದ್ದರಿಂದ ಡೆಸ್ಕ್‌ಟಾಪ್ ಇಲ್ಲದ ‘ಲೈಟ್’ ಆವೃತ್ತಿ ಹಾಕಿ. ಕಾರ್ಡು ಕೊಳ್ಳುವಾಗ ಸಿಸಿಟಿವಿ, ಡ್ಯಾಶ್‌ಕ್ಯಾಮ್‌ಗಾಗಿ ಮಾರುವ ‘ಹೈ ಎಂಡ್ಯೂರೆನ್ಸ್’ ಕೇಳಿ ಪಡೆಯಿರಿ.

ನೀವು ಕೇಳದ ಒಂದು ಮಾತು: ಕರೆಂಟು ಹೋದಾಗಲೂ ನಡೆಯುವ ಗಡಿಯಾರ ಪೈ 3ರಲ್ಲಿಲ್ಲ. ತೋಟದಲ್ಲಿ ಇಂಟರ್‌ನೆಟ್ ಸಿಗದಿದ್ದರೆ ಕರೆಂಟು ಬಂದ ಮೇಲೆ ಸಮಯವೆಲ್ಲ ತಪ್ಪು, ದಾಖಲೆ ಬರೆದೂ ವ್ಯರ್ಥ. ಡಿಎಸ್3231 ಎಂಬ ಗಡಿಯಾರದ ಮಾಡ್ಯೂಲ್ ಹಾಕಿ, ಅದಕ್ಕೆ 3.3 ವೋಲ್ಟ್ ಪಿನ್ನಿನಿಂದಲೇ ವಿದ್ಯುತ್ ಕೊಡಿ. ಅಗ್ಗದ ಹಲವು ಮಾಡ್ಯೂಲ್‌ಗಳಲ್ಲಿ ಚಾರ್ಜಿಂಗ್ ಸರ್ಕ್ಯೂಟ್ ಇರುತ್ತದೆ. 5 ವೋಲ್ಟ್ ಕೊಟ್ಟರೆ ಚಾರ್ಜ್ ಮಾಡಬಾರದ ಸಿಆರ್2032 ಸೆಲ್ಲಿಗೂ ಅದು ಚಾರ್ಜ್ ತುಂಬಲು ಹೊರಡುತ್ತದೆ. ಸೆಲ್ ಉಬ್ಬುವ ಅಪಾಯವಿದೆ.

ಪ್ರಶ್ನೆ: ಯಕ್ಷಗಾನದ ಧ್ವನಿಯನ್ನು ಪೈ 4ರಲ್ಲಿ, ಯುಎಸ್‌ಬಿ ಸೌಂಡ್ ಕಾರ್ಡ್ ಮೂಲಕ 128 ಜಿಬಿ ಪೆನ್‌ಡ್ರೈವ್‌ಗೆ ರೆಕಾರ್ಡ್ ಮಾಡುತ್ತೇವೆ. ರಾತ್ರಿ 9:30ಕ್ಕೆ ಶುರು ಮಾಡಿದರೆ ಬೆಳಗ್ಗಿನ ಜಾವ 4:15ರ ಹೊತ್ತಿಗೆ ನಿಲ್ಲುತ್ತದೆ. ಚೆಂಡೆ ಏರುವ ಹೊತ್ತಿಗೇ ಹೀಗೆ ಮಾಡಿದರೆ ಹೇಗೆ ಮಾರಾಯ್ರೇ? ಬಿಸಿಯಾಗಿ ನಿಲ್ಲುವುದಾ?
— ಓದುಗರು, ಸಾಲಿಗ್ರಾಮ

ಉತ್ತರ: ಬಿಸಿಯಿಂದ ನಿಲ್ಲುವುದಾದರೆ ದಿನಕ್ಕೊಂದು ಹೊತ್ತಿಗೆ ನಿಲ್ಲಬೇಕಿತ್ತು. ನೀವು ಕೊಟ್ಟ ಗಡಿಯಾರದ ಲೆಕ್ಕವೇ ಕಾರಣ ಹೇಳುತ್ತಿದೆ. ಸಿಡಿ ಗುಣಮಟ್ಟದ ಸ್ಟೀರಿಯೋ ವೇವ್ ಫೈಲಿಗೆ ಸೆಕೆಂಡಿಗೆ 1,76,400 ಬೈಟ್ ಬೇಕು, ಗಂಟೆಗೆ 635 ಎಂಬಿ. 6 ಗಂಟೆ 45 ನಿಮಿಷಕ್ಕೆ ಅದು 4 ಜಿಬಿ ಮುಟ್ಟುತ್ತದೆ. ನಿಮ್ಮ ಪೆನ್‌ಡ್ರೈವ್ ಫ್ಯಾಟ್32 ರೀತಿಯಲ್ಲಿ ಫಾರ್ಮ್ಯಾಟ್ ಆಗಿರಬೇಕು. ಅದರಲ್ಲಿ ಒಂದು ಫೈಲು 4 ಜಿಬಿ ದಾಟುವಂತಿಲ್ಲ, 120 ಜಿಬಿ ಖಾಲಿ ಬಿದ್ದಿದ್ದರೂ ಅಷ್ಟೇ.

ಎಕ್ಸ್‌ಫ್ಯಾಟ್ ಅಥವಾ ಇಎಕ್ಸ್‌ಟಿ4 ಮಾಡಿದರೆ ಅರ್ಧ ಮಾತ್ರ ಪರಿಹಾರ. ವೇವ್ ಫೈಲಿನ ತಲೆಬರಹದಲ್ಲಿ ಉದ್ದ ಬರೆಯುವ ಜಾಗವೂ 32 ಬಿಟ್‌ನದೇ. 4 ಜಿಬಿ ದಾಟಿದ ಫೈಲನ್ನು ಹಲವು ಪ್ಲೇಯರ್‌ಗಳು ಸರಿಯಾಗಿ ತೆರೆಯುವುದಿಲ್ಲ. ಆದ್ದರಿಂದ ಧ್ವನಿ, ವೀಡಿಯೋ ತಂತ್ರಾಂಶ ‘ಎಫ್‌ಎಫ್‌ಎಂಪೆಗ್’ನ ಸೆಗ್ಮೆಂಟ್ ಸೌಲಭ್ಯ ಬಳಸಿ 3,600 ಸೆಕೆಂಡಿಗೊಂದು ಫೈಲು ಮಾಡಿ, ವೇವ್ ಬದಲು ಫ್ಲ್ಯಾಕ್ ಆರಿಸಿ. ಭಾಗವತರ ದನಿಯ ಒಂದೆಳೆಯೂ ಕಳೆಯದೆ ಗಾತ್ರ ತಗ್ಗುತ್ತದೆ. ನಡುವೆ ಕರೆಂಟು ಹೋದರೂ ಕೆಡುವುದು ಆ ಗಂಟೆಯ ಫೈಲು ಮಾತ್ರ. ಸೌಂಡ್ ಕಾರ್ಡ್ ಬೇಕೇ ಎಂಬ ಅನುಮಾನ ಬೇಡ. ಪೈ 4ರ 3.5 ಮಿ.ಮೀ. ಜ್ಯಾಕಿನಿಂದ ಧ್ವನಿ ಹೊರಗೆ ಬರುತ್ತದೆಯೇ ಹೊರತು ಒಳಗೆ ಹೋಗುವುದಿಲ್ಲ.

ಪ್ರಶ್ನೆ: ಸ್ಟುಡಿಯೋದ ಫೋಟೋಗಳಿಗೆಂದು ಪೈ 3ಕ್ಕೆ 2 ಟಿಬಿ ಡಿಸ್ಕ್ ಸಿಕ್ಕಿಸಿ ನೆಟ್‌ವರ್ಕ್ ಸ್ಟೋರೇಜ್ ಮಾಡಿದೆವು. 1 ಟಿಬಿ ಕಾಪಿ ಮಾಡಲು ಒಂದು ದಿನ ದಾಟಿತು. ಡಿಸ್ಕು ಆಗಾಗ ‘ಟಕ್ ಟಕ್’ ಎಂದು ಮಾಯವಾಗುತ್ತದೆ. ಪೈ 4ಕ್ಕೆ ಹೋದರೆ ಸರಿಯಾದೀತಾ?
— ಓದುಗರು, ಕದ್ರಿ, ಮಂಗಳೂರು

ಉತ್ತರ: ನಿಧಾನದ ಕಾಟಕ್ಕೆ ಹೌದು, ‘ಟಕ್ ಟಕ್’ಗೆ ಅಲ್ಲ.

ಪೈ 3ರ ನೆಟ್‌ವರ್ಕ್ ಪೋರ್ಟ್ ಸೆಕೆಂಡಿಗೆ 100 ಮೆಗಾಬಿಟ್‌ನದು. ಎಂಟು ಬಿಟ್‌ಗೆ ಒಂದು ಬೈಟ್, ಹಾಗಾಗಿ ಎಷ್ಟು ಎಳೆದರೂ ಸೆಕೆಂಡಿಗೆ 11–12 ಎಂಬಿ. ಸೆಕೆಂಡಿಗೆ 10 ಎಂಬಿಯಂತೆ 1 ಟಿಬಿಗೆ ಸುಮಾರು 28 ಗಂಟೆ, ನಿಮ್ಮ ಅನುಭವಕ್ಕೆ ಲೆಕ್ಕ ತಾಳೆಯಾಯಿತು. ಸಾಲದ್ದಕ್ಕೆ ಆ ಪೋರ್ಟೂ ನಾಲ್ಕು ಯುಎಸ್‌ಬಿಗಳೂ ಪ್ರೊಸೆಸರ್ ತಲುಪಲು ಇರುವುದು ಒಂದೇ ಯುಎಸ್‌ಬಿ 2 ದಾರಿ. ಆಗುಂಬೆ ಘಾಟಿಯ ಹಾಗೆ: ಮೇಲಿಂದ ಎಷ್ಟು ಗಾಡಿ ಬಂದರೂ ತಿರುವಿನಲ್ಲಿ ಸಾಲುಗಟ್ಟಬೇಕು. ಪೈ 3ರ ಸುಧಾರಿತ ರೂಪ 3ಬಿ ಪ್ಲಸ್‌ನ ಪೆಟ್ಟಿಗೆಯ ಮೇಲೆ ಗಿಗಾಬಿಟ್ ಎಂದಿದ್ದರೂ ದಾರಿ ಅದೇ, ಸಿಗುವುದು 300 ಮೆಗಾಬಿಟ್‌ನಷ್ಟು. 2019ರಲ್ಲಿ ಬಂದ ಪೈ 4ರಲ್ಲಿ ನಿಜವಾದ ಗಿಗಾಬಿಟ್ ಪೋರ್ಟ್ ಮತ್ತು ಯುಎಸ್‌ಬಿ 3 ಬೇರೆ ಬೇರೆ ದಾರಿಯಲ್ಲಿವೆ. ಡಿಸ್ಕನ್ನು ವಿಂಡೋಸ್‌ನ ಎನ್‌ಟಿಎಫ್‌ಎಸ್ ಫಾರ್ಮ್ಯಾಟ್‌ನಲ್ಲೇ ಬಿಡಬೇಡಿ, ಲಿನಕ್ಸ್‌ನ ಇಎಕ್ಸ್‌ಟಿ4 ಮಾಡಿ. ನೆಟ್‌ವರ್ಕ್ ಮೂಲಕ ಬಳಸುವ ವಿಂಡೋಸ್ ಕಂಪ್ಯೂಟರಿಗೆ ಇದರಿಂದ ವ್ಯತ್ಯಾಸವಿಲ್ಲ. ಆದರೆ ಫಾರ್ಮ್ಯಾಟ್ ಮಾಡಿದರೆ ಡಿಸ್ಕಿನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ, ಮೊದಲು ಬೇರೆಡೆ ನಕಲು ತೆಗೆದಿಡಿ.

‘ಟಕ್ ಟಕ್’ ಎಂಬುದು ವಿದ್ಯುತ್ ಸಾಲದೆ ಡಿಸ್ಕು ಮತ್ತೆ ಮತ್ತೆ ತಿರುಗಲು ಒದ್ದಾಡುವ ಸದ್ದಿರಬಹುದು. 2.5 ಇಂಚಿನ ಡಿಸ್ಕು ಶುರುವಾಗುವಾಗ ಒಂದು ಆಂಪಿಯರ್ ಹತ್ತಿರ ಎಳೆಯುತ್ತದೆ. ಪೈ 4ರ ನಾಲ್ಕೂ ಯುಎಸ್‌ಬಿ ಸೇರಿ ಕೊಡುವುದೇ 1.2 ಆಂಪಿಯರ್. ಹೊಸ ಬೋರ್ಡಿಗೆ ದುಡ್ಡು ಸುರಿಯುವ ಮುಂಚೆ ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ತಂದು ನೋಡಿ. ಹಬ್ ಹಾಕಿದರೂ ಸದ್ದು ನಿಲ್ಲದಿದ್ದರೆ ಡಿಸ್ಕೇ ಸಾಯುತ್ತಿದೆ, ಇದ್ದ ಫೋಟೋಗಳನ್ನು ಅಂದೇ ಬೇರೆಡೆಗೆ ಸಾಗಿಸಿ.

ಪ್ರಶ್ನೆ: 64 ಜಿಬಿ ಕಾರ್ಡು 59.6 ಎಂದು ತೋರಿಸುತ್ತದೆ. ನಕಲಿಯೇ?
— ಓದುಗರು, ಮಣಿಪಾಲ

ಉತ್ತರ: ಅಲ್ಲ. ತಯಾರಕರು 6,400 ಕೋಟಿ ಬೈಟನ್ನು 64 ಜಿಬಿ ಎನ್ನುತ್ತಾರೆ. ಕಂಪ್ಯೂಟರ್ ಅದನ್ನೇ 1,073,741,824ರಿಂದ ಭಾಗಿಸಿ 59.6 ಎನ್ನುತ್ತದೆ. ನಕಲಿ ಕಾರ್ಡು ಪೂರ್ತಿ ಗಾತ್ರವನ್ನೇ ತೋರಿಸಿ, ಒಳಗಿರುವಷ್ಟು ತುಂಬಿದ ಮೇಲೆ ಕೈಕೊಡುತ್ತದೆ. ಹೊಸ ಕಾರ್ಡು ತಂದ ದಿನವೇ ಕಾರ್ಡು ಪರೀಕ್ಷಿಸುವ ತಂತ್ರಾಂಶ, ಲಿನಕ್ಸ್‌ನಲ್ಲಿ ‘ಎಫ್3’, ವಿಂಡೋಸ್‌ನಲ್ಲಿ ‘ಎಚ್2ಟೆಸ್ಟ್‌ಡಬ್ಲ್ಯು’ ಓಡಿಸಿ, ಪೂರ್ತಿ ಬರೆದು ಪೂರ್ತಿ ಓದಿಸಿ.

ಪ್ರಶ್ನೆ: ಕಡಲಿನಿಂದ ಇನ್ನೂರು ಮೀಟರ್ ದೂರದ ಅಂಗಡಿಯಲ್ಲಿ ಪೈ 4 ಉಂಟು. ಫ್ಯಾನು ವರ್ಷಕ್ಕೇ ತುಕ್ಕು ಹಿಡಿಯಿತು. ಫ್ಯಾನಿಲ್ಲದೆ ನಡೆದೀತಾ?
— ಓದುಗರು, ಮಲ್ಪೆ

ಉತ್ತರ: ಫ್ಯಾನೇ ಉಪ್ಪುಗಾಳಿಯನ್ನು ಎಳೆದು ಬೋರ್ಡಿನ ಮೇಲೆ ಕೂರಿಸುತ್ತದೆ. ಚಿಪ್‌ಗೆ ನೇರ ತಾಗುವ ದಪ್ಪ ಅಲ್ಯೂಮಿನಿಯಂ ಕವಚ ಹಾಕಿ, ನಡುವೆ ಶಾಖ ದಾಟಿಸುವ ಥರ್ಮಲ್ ಪ್ಯಾಡ್ ಇಡಿ. 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಪೈ ತಾನಾಗಿ ವೇಗ ತಗ್ಗಿಸುತ್ತದೆ. ಏಪ್ರಿಲ್–ಮೇ ಮಧ್ಯಾಹ್ನ ಒಮ್ಮೆ ತಾಪ ನೋಡಿ, 70ರ ಒಳಗಿದ್ದರೆ ಫ್ಯಾನು ಬೇಡ. ಬರೀ ಲೋಹದ ಕವಚ ವೈಫೈಯನ್ನು ಕುಗ್ಗಿಸುತ್ತದೆ, ಆದ್ದರಿಂದ ಲ್ಯಾನ್ ಕೇಬಲ್ ಎಳೆಯಿರಿ. ಬೋರ್ಡಿಗೆ ತೇವ, ಉಪ್ಪು ತಡೆಯುವ ತೆಳು ಲೇಪನದ ‘ಕನ್‌ಫಾರ್ಮಲ್ ಕೋಟಿಂಗ್’ ಸ್ಪ್ರೇ ಹೊಡೆಯುವುದಾದರೆ ಮೊದಲು ಕಾರ್ಡಿನ ಸ್ಲಾಟ್, ಯುಎಸ್‌ಬಿ ಬಾಯಿ, 40 ಪಿನ್‌ಗಳಿಗೆ ಟೇಪ್ ಸುತ್ತಿ. ಸ್ಲಾಟಿನೊಳಗೆ ಸ್ಪ್ರೇ ಹೋದರೆ ಕಾರ್ಡು ಸಂಪರ್ಕವೇ ಪಡೆಯುವುದಿಲ್ಲ.