ಯೆರೆವಾನ್‌ನಲ್ಲಿ ಬೆಳಗಿನ ತಿಂಡಿ

ಪ್ರಶ್ನೆ: ಮಗಳು ಆರ್ಮೇನಿಯಾದ ಯೆರೆವಾನ್‌ನಲ್ಲಿ ಎಂಬಿಬಿಎಸ್ ಓದುತ್ತಿದ್ದಾಳೆ. ಜನವರಿಯಲ್ಲಿ ಹತ್ತು ದಿನಕ್ಕೆ ಹೋಗುತ್ತಿದ್ದೇವೆ. ಯಜಮಾನರು ಮೊಟ್ಟೆ ತಿನ್ನುತ್ತಾರೆ, ನಾನು ಅದನ್ನೂ ತಿನ್ನುವುದಿಲ್ಲ. ಬೆಳಿಗ್ಗೆ ತಿಂಡಿಗೆ ಎಲ್ಲಿಗೆ ಹೋಗಬೇಕು?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮೊದಲು ಗಡಿಯಾರದ ವಿಷಯ. ಯೆರೆವಾನ್ ನಮಗಿಂತ ಒಂದೂವರೆ ಗಂಟೆ ಹಿಂದೆ. ಅಲ್ಲಿ ಆರು ಹೊಡೆದಾಗ ನಿಮ್ಮ ಹೊಟ್ಟೆಗೆ ಏಳೂವರೆ. ಆದರೆ ಊರಿನ ಕೆಫೆಗಳು ಬಾಗಿಲು ತೆಗೆಯುವುದೇ ಎಂಟೂವರೆ, ಒಂಬತ್ತರ ಮೇಲೆ, ಕೆಲವು ಹತ್ತಕ್ಕೆ. ಹಿಂದಿನ ಸಂಜೆಯೇ ಅಂಗಡಿಯಿಂದ ಲವಾಶ್ ಎಂಬ ತೆಳು ರೊಟ್ಟಿ ಮತ್ತು ಮಾತ್ಸುನ್, ಅಂದರೆ ಅಲ್ಲಿನ ಹುಳಿ ಮೊಸರು, ತಂದಿಟ್ಟುಕೊಳ್ಳಿ. ಲವಾಶ್ ಗಾಳಿಗೆ ಬೇಗ ಹಪ್ಪಳದಂತಾಗುತ್ತದೆ. ನೀರು ಚಿಮುಕಿಸಿ, ಬಟ್ಟೆ ಮುಚ್ಚಿ ಹತ್ತು ನಿಮಿಷ ಬಿಟ್ಟರೆ ಮೆತ್ತಗಾಗುತ್ತದೆ. ಜನವರಿ ಮೊದಲ ವಾರದಲ್ಲಂತೂ ಇದೇ ಆಸರೆ: ಹೊಸ ವರ್ಷದಿಂದ 6ರಂದು ಬರುವ ಅಲ್ಲಿನ ಕ್ರಿಸ್‌ಮಸ್‌ವರೆಗೆ ಬಹಳಷ್ಟು ಹೋಟೆಲುಗಳು ಮುಚ್ಚಿರಬಹುದು.

ನಿಮಗೆ ಹೇಳಿ ಮಾಡಿಸಿದಂಥದ್ದು ಝೆಂಗ್ಯಾಲೋವ್ ಹಾತ್ಸ್. ಇದು ಆರ್ತ್ಸಾಖ್, ಅಂದರೆ ನಗೊರ್ನೊ-ಕರಾಬಖ್ ಕಡೆಯ ಸೊಪ್ಪಿನ ರೊಟ್ಟಿ. ಪಾಲಕ್, ಈರುಳ್ಳಿ ಸೊಪ್ಪು, ಕೊತ್ತಂಬರಿ, ಸಬ್ಬಸಿಗೆ, ಜತೆಗೆ ಕಾಡುಸೊಪ್ಪುಗಳನ್ನು ಸಣ್ಣಗೆ ಹೆಚ್ಚಿ, ಹುಳಿಬರಿಸದ ಹಿಟ್ಟಿನ ತೆಳು ಹಾಳೆಯೊಳಗೆ ತುಂಬಿ, ಕಾವಲಿಯ ಮೇಲೆ ಸುಡುತ್ತಾರೆ. ಮೊಟ್ಟೆಯಿಲ್ಲ, ಹಾಲಿಲ್ಲ. ತೆರ್ಯಾನ್ ರಸ್ತೆಯಲ್ಲಿ ಇದಕ್ಕೆಂದೇ ಅಂಗಡಿಯಿದೆ. ಮೊವ್ಸೆಸ್ ಖೊರೆನಾತ್ಸಿ ರಸ್ತೆಯ ಗೂಮ್ ಮಾರುಕಟ್ಟೆಯಲ್ಲಿ ಹೆಂಗಸರು ಎದುರಿಗೇ ಸುಟ್ಟುಕೊಡುತ್ತಾರೆ. ನಮ್ಮ ಮತ ಗೂಮ್‌ಗೆ. ಸುಟ್ಟಿಟ್ಟದ್ದು ಬೇಡ, ಹೊಸದು ಹಾಕಿಸಿಕೊಳ್ಳಿ. ಆರಿದರೆ ಹಿಟ್ಟು ನಾರಿನಂತೆ ಎಳೆಯುತ್ತದೆ, ಸೊಪ್ಪು ನೀರು ಬಿಡುತ್ತದೆ. ಜತೆಗೆ ತಾನ್ ಕೇಳಿ. ಉಪ್ಪು ಹಾಕಿದ ನೀರು ಮಜ್ಜಿಗೆಯೇ ಅದು.

ಯಜಮಾನರಿಗೆ ಟೊಮೆಟೊ ಹಾಕಿದ ಮೊಟ್ಟೆ ಪಲ್ಯ ಬಹುತೇಕ ಎಲ್ಲ ಕಡೆ ಸಿಗುತ್ತದೆ. ತುಮಾನ್ಯಾನ್ ರಸ್ತೆಯ ‘ಲವಾಶ್’ ಹೋಟೆಲಿನಲ್ಲಿ ಕೂತು ನಿಧಾನವಾಗಿ ತಿನ್ನಬಹುದು. ಮೆನುವಿನಲ್ಲಿ ಬಾಸ್ತುರ್ಮಾ ಎಂದಿದ್ದರೆ ಅದು ಮಸಾಲೆ ಹಚ್ಚಿ ಒಣಗಿಸಿದ ದನದ ಮಾಂಸ. ಮಾಶ್ತೋತ್ಸ್ ರಸ್ತೆಯಲ್ಲಿ, ಮಾತೆನಾದರಾನ್ ಎಂಬ ಹಸ್ತಪ್ರತಿ ಸಂಗ್ರಹಾಲಯದ ಹತ್ತಿರದ ‘ಗ್ರ್ಯಾಂಡ್ ಕ್ಯಾಂಡಿ’ಯ ಪೋಂಚಿಕ್ ಕೂಡ ಅವರ ಪಾಲಿಗೇ: ಎಣ್ಣೆಯಲ್ಲಿ ಕರಿದ ಬನ್ನು, ಒಳಗಿನ ಕಸ್ಟರ್ಡ್‌ನಲ್ಲಿ ಮೊಟ್ಟೆಯಿರುತ್ತದೆ. ಅದು ಬಿಸಿಯಿರುವಾಗ ದೊಡ್ಡ ತುತ್ತು ಕಚ್ಚಿದರೆ ನಾಲಿಗೆ ಸುಡುವುದು ಖಂಡಿತ.

ಸ್ಪಾಸ್ ಎಂಬ ಬಿಸಿ ಸೂಪು ನೋಡಲು ಮಜ್ಜಿಗೆ ಹುಳಿಯ ತಂಗಿ. ಆದರೆ ಮೊಸರು ಒಡೆಯದಿರಲೆಂದು ಹಿಟ್ಟಿನೊಡನೆ ಮೊಟ್ಟೆಯನ್ನೂ ಕದಡುವುದು ರೂಢಿ. ನೀವು ಬಿಡುವುದೇ ಲೇಸು. ಬೀದಿಯಲ್ಲಿ ಆಲೂಗಡ್ಡೆ ತುಂಬಿ ಕರಿದ ಬನ್ನು, ಅಂದರೆ ಪಿರಷ್ಕಿ, ಕೊಳ್ಳುವ ಮುಂಚೆ ಮಾಂಸದ್ದನ್ನೂ ಅದೇ ಎಣ್ಣೆಯಲ್ಲಿ ಕರಿಯುತ್ತಾರೆಯೇ ಎಂದು ಕೇಳಿ. ಎರಡು ಮಾತು ಬಾಯಿಪಾಠವಿರಲಿ: ‘ಅರಾಂತ್ಸ್ ಮ್ಸಿ’ ಎಂದರೆ ಮಾಂಸವಿಲ್ಲದೆ, ‘ಅರಾಂತ್ಸ್ ಜ್ವಿ’ ಎಂದರೆ ಮೊಟ್ಟೆಯಿಲ್ಲದೆ.

ಪ್ರಶ್ನೆ: ಖಾಶ್ ಮತ್ತು ಪಾನ್ರ್‌ಖಾಶ್ ಒಂದೇನಾ? ಎರಡೂ ಬೆಳಗಿನ ತಿಂಡಿ ಎಂದು ಓದಿದೆ.
– ಓದುಗರೊಬ್ಬರು, ಉಡುಪಿ

ಉತ್ತರ: ಹೆಸರು ಮಾತ್ರ ಹತ್ತಿರ. ಖಾಶ್ ಎಂದರೆ ದನದ ಕಾಲನ್ನು ಉಪ್ಪಿಲ್ಲದೆ ರಾತ್ರಿಯಿಡೀ ಕುದಿಸಿದ ಸಾರು. ಚಳಿಗಾಲದ ಬೆಳಿಗ್ಗೆ, ತಿನ್ನುವವರೇ ಉಪ್ಪು, ಜಜ್ಜಿದ ಬೆಳ್ಳುಳ್ಳಿ ಬೆರೆಸಿ, ಒಣ ಲವಾಶ್ ಮುರಿದು ಹಾಕಿಕೊಂಡು, ವೋಡ್ಕಾ ಜತೆ ತಿನ್ನುತ್ತಾರೆ. ಪಾನ್ರ್‌ಖಾಶ್‌ನ ಪಾನ್ರ್ ನಮ್ಮ ಪನೀರಿನ ನಂಟ, ಚೀಸ್ ಎಂದರ್ಥ. ಇದು ಯೆರೆವಾನ್‌ನಿಂದ ಸುಮಾರು 120 ಕಿ.ಮೀ. ದೂರದ ಗ್ಯುಮ್ರಿಯ ತಿನಿಸು. ಒಣ ಲವಾಶ್ ಚೂರು, ಎಳೆಎಳೆಯಾದ ಚೆಚಿಲ್ ಚೀಸ್, ಬೆಣ್ಣೆಯಲ್ಲಿ ಹುರಿದ ಈರುಳ್ಳಿಯನ್ನು ಪದರಪದರವಾಗಿ ಹಾಕಿ ಮೇಲೆ ಕುದಿನೀರು ಸುರಿಯುತ್ತಾರೆ. ಚೀಸೇ ಉಪ್ಪುಪ್ಪು, ಮತ್ತೆ ಉಪ್ಪು ಹಾಕಿದರೆ ಕೆಟ್ಟಿತು. ಇದರಲ್ಲಿ ಮಾಂಸವಿಲ್ಲ. ಆದರೆ ಹಾಲು ಒಡೆಸಲು ಕರುವಿನ ಹೊಟ್ಟೆಯ ರೆನೆಟ್ ಬಳಸುವುದುಂಟು, ಕಟ್ಟುನಿಟ್ಟಿನವರು ವಿಚಾರಿಸಿಕೊಳ್ಳಬೇಕು.