ಉಬುಂಟುವಿನಲ್ಲಿ ಮೌಸ್ ಕುಂಟುತ್ತಿದ್ದರೆ ಮೊದಲು ಗ್ರಾಫಿಕ್ಸ್ ಕಡೆ ನೋಡಿ

ಫಾರ್ಮ್ಯಾಟ್ ಮಾಡಬೇಡಿ. ಮೂರನೇ ಮೌಸ್ ಅಂತೂ ತರಲೇಬೇಡಿ.

ನಿಮ್ಮ ಪ್ರಶ್ನೆಯಲ್ಲಿ ನನಗೆ ಮುಖ್ಯ ಅನಿಸಿದ್ದು ಇಷ್ಟು. ಉಬುಂಟು 22.04 (ವಿಂಡೋಸ್ ಜಾಗದಲ್ಲಿ ಹಾಕುವ ಲಿನಕ್ಸ್ ವ್ಯವಸ್ಥೆ), ಎನ್‌ವಿಡಿಯಾ ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್, ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್. ಅಪ್‌ಡೇಟ್ ಆಗುತ್ತಿದ್ದಾಗ ಕರೆಂಟ್ ಹೋಯಿತು. ಮತ್ತೆ ಆನ್ ಮಾಡಿದಾಗ ಅಕ್ಷರವೆಲ್ಲ ದಪ್ಪ ದಪ್ಪ. ರೆಸಲ್ಯೂಶನ್ 1024×768ರಿಂದ ಮೇಲೆ ಹೋಗುತ್ತಿಲ್ಲ. ಎರಡನೇ ಮಾನಿಟರ್ ಕಪ್ಪು. ಮೌಸ್ ಬಾಣ ನಿಂತು ನಿಂತು ಓಡುತ್ತಿದೆ. ಹೊಸ ಮೌಸ್ ಹಾಕಿದರೂ ಅದೇ ಕಥೆ.

ನೀವು ಇದನ್ನು ಎರಡು ತೊಂದರೆ ಎಂದು ಬರೆದಿದ್ದೀರಿ: ಮೌಸ್ ಒಂದು, ಪರದೆ ಒಂದು. ನನಗೆ ಕಾಣುವುದು ಒಂದೇ ತೊಂದರೆ. ಗ್ರಾಫಿಕ್ಸ್ ಡ್ರೈವರ್, ಅಂದರೆ ಆ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್, ಲೋಡ್ ಆಗುತ್ತಿಲ್ಲ, ಅದರ ಪೆಟ್ಟು ಮೌಸ್ ಮೇಲೆ ಬಿದ್ದಿದೆ.

ಇಷ್ಟು ಧೈರ್ಯವಾಗಿ ಹೇಳಲು ಕಾರಣ, ನಾನೂ ಇದೇ ಹಳ್ಳಕ್ಕೆ ಬಿದ್ದಿದ್ದೆ. ಉಬುಂಟು 18.04ರ ಕಾಲ. ಒಂದು ಬೆಳಗ್ಗೆ ಮೌಸ್ ಹೀಗೇ ಕುಂಟತೊಡಗಿತು. ನಾನು ಅದನ್ನು ಬಿಚ್ಚಿ, ಹತ್ತಿಯಿಂದ ಒರೆಸಿ, ಕೊನೆಗೆ ಹೊಸದು ತಂದೆ. ರಿಪೇರಿಯವರೊಬ್ಬರು ನೋಡಿ, ಮದರ್‌ಬೋರ್ಡ್‌ನ ಯುಎಸ್‌ಬಿ ಹೋಗಿದೆ, ಬೋರ್ಡೇ ಬದಲಿಸಬೇಕು ಅಂದರು. ಎರಡು ದಿನ ಮಂಕಾಗಿ ಕೂತಿದ್ದೆ. ಆಮೇಲೆ ಏನೋ ಹುಡುಕುತ್ತಾ ಸೆಟ್ಟಿಂಗ್ಸ್‌ನ ‘ಅಬೌಟ್’ ಪುಟ ತೆರೆದರೆ, ಗ್ರಾಫಿಕ್ಸ್ ಎಂಬಲ್ಲಿ ನನ್ನ ಕಾರ್ಡಿನ ಹೆಸರೇ ಇರಲಿಲ್ಲ. ‘ಎಲ್‌ಎಲ್‌ವಿಎಂಪೈಪ್’ ಎಂದಿತ್ತು.

ನೀವೂ ಈಗಲೇ ಆ ಪುಟ ತೆರೆದು ನೋಡಿ. ಅಲ್ಲಿ ಎಲ್‌ಎಲ್‌ವಿಎಂಪೈಪ್ ಎಂದಿದ್ದರೆ ಅರ್ಧ ಉತ್ತರ ಸಿಕ್ಕಿತು.

ಅದೇನು ಅಂದರೆ, ಗ್ರಾಫಿಕ್ಸ್ ಕಾರ್ಡ್ ಕೈಕೊಟ್ಟಾಗ ಅದರ ಕೆಲಸವನ್ನು ಸಿಪಿಯು ಕೈಯಲ್ಲಿ ಮಾಡಿಸುವ ಸಾಫ್ಟ್‌ವೇರ್. ಮೀಸಾ ಎಂಬ ಗ್ರಾಫಿಕ್ಸ್ ಲೈಬ್ರರಿಯ ಭಾಗ ಅದು. 1024×768 ಅಂದರೆ ಸುಮಾರು 8 ಲಕ್ಷ ಪಿಕ್ಸೆಲ್. ಕಿಟಕಿ ಸರಿಸಿದಾಗ, ವಿಡಿಯೋ ಓಡಿದಾಗ ಅಷ್ಟನ್ನೂ ಸೆಕೆಂಡಿಗೆ 60 ಸಲ ಬಳಿಯಬೇಕು. ಸಿಪಿಯು ಏದುಸಿರು ಬಿಡದೆ ಇನ್ನೇನು ಮಾಡೀತು?

ಇದರಲ್ಲಿ ಮೌಸ್ ಯಾಕೆ ನಿಲ್ಲುತ್ತದೆ ಎಂಬುದು ನನಗೆ ಬಹಳ ಇಷ್ಟವಾದ ಭಾಗ. ಡ್ರೈವರ್ ಸರಿಯಿದ್ದಾಗ ಮೌಸ್ ಬಾಣವನ್ನು ಉಳಿದ ಪರದೆಯ ಜೊತೆ ಬಿಡಿಸುವುದಿಲ್ಲ. ಕಾರ್ಡಿನಲ್ಲಿ ಅದಕ್ಕೇ ಬೇರೆ ಪದರ ಇರುತ್ತದೆ. ಹಳೆಯ ಕಾರ್ಡ್‌ಗಳಲ್ಲಿ 64×64 ಪಿಕ್ಸೆಲ್, ಹೊಸದರಲ್ಲಿ ಹೆಚ್ಚಾಗಿ 256×256. ರಂಗೋಲಿಯ ಮೇಲೆ ಒಂದು ಗಾಜಿನ ತುಂಡು ಜಾರಿಸಿದ ಹಾಗೆ. ಕೆಳಗಿನ ರಂಗೋಲಿಯನ್ನು ಅಳಿಸಿ ಮತ್ತೆ ಬಿಡಿಸಬೇಕಿಲ್ಲ, ಗಾಜು ಎಲ್ಲಿರಬೇಕು ಎಂದು ಕಾರ್ಡಿಗೆ ಹೇಳಿದರೆ ಸಾಕು. ಅದಕ್ಕೇ ಫೈರ್‌ಫಾಕ್ಸ್ ಒದ್ದಾಡುತ್ತಿದ್ದರೂ ಬಾಣ ಮಾತ್ರ ಸಲೀಸಾಗಿ ಓಡುತ್ತಿರುತ್ತದೆ. ಡ್ರೈವರ್ ಇಲ್ಲ ಅಂದರೆ ಆ ಗಾಜೂ ಇಲ್ಲ. ಬಾಣವನ್ನೂ ಸಿಪಿಯುವೇ ಬಿಡಿಸಬೇಕು, ಅದೂ ಸಾಲಿನಲ್ಲಿ ನಿಂತು. ನಿಮ್ಮ ಕೈ ಸರಿದಿರುತ್ತದೆ, ಮೌಸ್ ಅದನ್ನು ಹೇಳಿಯೂ ಆಗಿರುತ್ತದೆ. ತೋರಿಸುವವರು ಮಾತ್ರ ಇಲ್ಲ.

ನನ್ನ ಮಾತು ನಂಬಬೇಡಿ, ನೀವೇ ಪರೀಕ್ಷೆ ಮಾಡಿ. ಇನ್ನು ಮುಂದೆ ಕಮಾಂಡ್‌ಗಳನ್ನು ಫೋನಿನಲ್ಲಿ ಹೇಳಿಕೊಟ್ಟ ಹಾಗೆ ಉಚ್ಚಾರದಲ್ಲಿ ಬರೆಯುತ್ತೇನೆ. ಟೈಪ್ ಮಾಡುವಾಗ ಇಂಗ್ಲಿಷ್‌ನಲ್ಲಿ, ಎಲ್ಲವನ್ನೂ ಸಣ್ಣಕ್ಷರದಲ್ಲಿ ಹೊಡೆಯಿರಿ.

ಕಂಟ್ರೋಲ್, ಆಲ್ಟ್, ಎಫ್3 ಮೂರನ್ನೂ ಒಟ್ಟಿಗೆ ಒತ್ತಿ. ಡೆಸ್ಕ್‌ಟಾಪ್ ಮಾಯವಾಗಿ ಬರೀ ಅಕ್ಷರದ ಕಪ್ಪು ಪರದೆ ಬರುತ್ತದೆ. ಹೆದರಬೇಡಿ, ಕಂಟ್ರೋಲ್ ಆಲ್ಟ್ ಎಫ್2 ಒತ್ತಿದರೆ ವಾಪಸ್ ಹೋಗಬಹುದು (ಕೆಲವರಿಗೆ ಎಫ್1). ಲಾಗಿನ್ ಆಗಿ ಇದನ್ನು ಹೊಡೆಯಿರಿ: ಸುಡೊ, ಸ್ಪೇಸ್, ಕ್ಯಾಟ್, ಸ್ಪೇಸ್, ಸ್ಲ್ಯಾಶ್ ಡೆವ್ ಸ್ಲ್ಯಾಶ್ ಇನ್‌ಪುಟ್ ಸ್ಲ್ಯಾಶ್ ಮೈಸ್. ಈಗ ಮೌಸ್ ಅಲ್ಲಾಡಿಸಿ. ಪರದೆ ಮೇಲೆ ಅರ್ಥವಿಲ್ಲದ ಚಿಹ್ನೆಗಳು ಸುರಿಯಬೇಕು. ಸುಡೊ ಅಂದರೆ ಅಡ್ಮಿನ್ ಅಧಿಕಾರದಲ್ಲಿ ಓಡಿಸು ಎಂದು. ಕ್ಯಾಟ್‌ಗೂ ಬೆಕ್ಕಿಗೂ ಸಂಬಂಧ ಇಲ್ಲ, ಅದು ಫೈಲ್ ಓದಿ ತೋರಿಸುವ ಕಮಾಂಡ್. ಆದರೂ ಬೆಕ್ಕನ್ನು ಇಲಿಗಳ ಮೇಲೆ ಬಿಟ್ಟ ಹಾಗೆ ಕಾಣುತ್ತದೆ ಅಲ್ವಾ? ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ನಿಲ್ಲಿಸಲು ಕಂಟ್ರೋಲ್ ಸಿ.

ಕೈ ಆಡಿಸಿದಷ್ಟೂ ಹೊತ್ತು ಚಿಹ್ನೆಗಳು ತಡೆಯಿಲ್ಲದೆ ಸುರಿದರೆ ಮೌಸ್, ಯುಎಸ್‌ಬಿ ಪೋರ್ಟ್, ಮದರ್‌ಬೋರ್ಡ್ ಎಲ್ಲವೂ ಸರಿಯಿವೆ. ತೊಂದರೆ ಡ್ರೈವರ್‌ನದು. ಇಲ್ಲೂ ತಡೆದು ತಡೆದು ಬಂದರೆ ಮಾತ್ರ ಮೌಸ್ ಮೇಲೆ ಅನುಮಾನ ಪಡಿ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಈಗ ಡ್ರೈವರ್ ಎಲ್ಲಿ ತಪ್ಪಿತು ಎಂದು ನೋಡೋಣ. ಎನ್‌ವಿಡಿಯಾದ ಡ್ರೈವರ್ ಲಿನಕ್ಸ್ ಕರ್ನಲ್‌ನ (ಉಬುಂಟುವಿನ ತಿರುಳಾದ ಪ್ರೋಗ್ರಾಮ್) ಒಳಗೆ ಬರುವುದಿಲ್ಲ, ಹೊರಗಿನಿಂದ ಸೇರುವ ಮಾಡ್ಯೂಲ್. ಒಂದೊಂದು ಕರ್ನಲ್‌ಗೂ ಅಳತೆ ಕೊಟ್ಟು ಹೊಲಿಸಿದ ಅಂಗಿ ಇದ್ದ ಹಾಗೆ. ಕರ್ನಲ್ ಬದಲಾದರೆ ಅಂಗಿಯನ್ನೂ ಹೊಸದಾಗಿ ಹೊಲಿಯಬೇಕು. ಉಬುಂಟು ಇದನ್ನು ಎರಡು ರೀತಿ ಮಾಡುತ್ತದೆ. ಒಂದು, ತಾನೇ ಹೊಲಿದಿಟ್ಟ ರೆಡಿಮೇಡ್ ಮಾಡ್ಯೂಲ್ ಕಳಿಸುತ್ತದೆ. ಇಲ್ಲವಾದರೆ ಡಿಕೆಎಂಎಸ್ ಎಂಬ ಪ್ರೋಗ್ರಾಮ್ ನಿಮ್ಮ ಕಂಪ್ಯೂಟರ್‌ನಲ್ಲೇ ಹೊಲಿಯುತ್ತದೆ. ಹೊಲಿಯಲು ಅದಕ್ಕೆ ಆ ಕರ್ನಲ್‌ನ ಹೆಡರ್ ಫೈಲ್‌ಗಳು ಬೇಕು, ಅವೇ ಅಂಗಿಯ ಅಳತೆ ಪಟ್ಟಿ. ನಿಮ್ಮಲ್ಲಿ ಹೊಸ ಕರ್ನಲ್ ಬಂದು ಕೂತಿದೆ, ಅಂಗಿ ಹೊಲಿಯುವ ಮುಂಚೆ ಕರೆಂಟ್ ಹೋಗಿದೆ. ಹೆಚ್ಚುಕಮ್ಮಿ ಇಷ್ಟೇ ಆಗಿರಬೇಕು.

ಹಾಗಾದರೆ ಎನ್‌ವಿಡಿಯಾ ಕಾರ್ಡುಗಳಿಗೆಂದು ಕರ್ನಲ್ ಜೊತೆಗೇ ಬರುವ ನೋವೋ ಎಂಬ ಮುಕ್ತ ಡ್ರೈವರ್ ಯಾಕೆ ಕೈಹಿಡಿಯಲಿಲ್ಲ ಎಂದು ಕೇಳಬಹುದು. ಎನ್‌ವಿಡಿಯಾ ಪ್ಯಾಕೇಜ್ ಬಂದಾಗಲೇ ಅದನ್ನು ಬ್ಲ್ಯಾಕ್‌ಲಿಸ್ಟ್‌ಗೆ ಹಾಕಿಬಿಟ್ಟಿರುತ್ತದೆ, ಇಬ್ಬರೂ ಒಂದೇ ಕಾರ್ಡಿಗೆ ಜಗಳವಾಡಬಾರದು ಎಂದು. ಹೀಗೆ ಅತ್ತ ಅದೂ ಇಲ್ಲ, ಇತ್ತ ಇದೂ ಇಲ್ಲ. ಬೂಟ್ ಆಗುವಾಗ ಮದರ್‌ಬೋರ್ಡ್ ಕೊಟ್ಟ ಸಾದಾ ಪರದೆಯೇ ಗತಿ. ನಿಮ್ಮ 1024×768 ಬಂದಿದ್ದು ಅಲ್ಲಿಂದ, ಎರಡನೇ ಮಾನಿಟರ್ ಸತ್ತಿದ್ದೂ ಅದಕ್ಕೇ.

ಸರಿಮಾಡುವ ಮುಂಚೆ ಒಂದು ಸುಲಭದ ಪರೀಕ್ಷೆ. ರೀಸ್ಟಾರ್ಟ್ ಮಾಡಿ, ಮದರ್‌ಬೋರ್ಡ್ ಲೋಗೋ ಹೋದ ಕೂಡಲೇ ಎಸ್ಕೇಪ್ ಒಂದು ಸಲ ಒತ್ತಿ (ಹಳೆಯ ಬಯೋಸ್ ಆದರೆ ಶಿಫ್ಟ್ ಹಿಡಿದುಕೊಳ್ಳಿ). ಗ್ರಬ್ ಮೆನು, ಅಂದರೆ ಯಾವುದರಲ್ಲಿ ಬೂಟ್ ಆಗಬೇಕೆಂದು ಆರಿಸುವ ಪಟ್ಟಿ, ಬರುತ್ತದೆ. ‘ಅಡ್ವಾನ್ಸ್ಡ್ ಆಪ್ಷನ್ಸ್’ ಒಳಗೆ ಹೋಗಿ ಎರಡನೇ ಕರ್ನಲ್, ಅಂದರೆ ಹಿಂದಿನದನ್ನು ಆರಿಸಿ. ‘ರಿಕವರಿ ಮೋಡ್’ ಎಂದಿರುವುದನ್ನಲ್ಲ, ಸಾದಾ ಸಾಲನ್ನು. ಪರದೆ ಮೊದಲಿನಂತೆ ಬಂದು ಮೌಸ್ ಓಡಿದರೆ ನಮ್ಮ ಊಹೆ ಸರಿ. ತುರ್ತು ಕೆಲಸವಿದ್ದರೆ ಅದರಲ್ಲೇ ಮುಗಿಸಿಕೊಳ್ಳಿ, ರಿಪೇರಿ ಭಾನುವಾರ ಮಾಡಿದರೂ ನಡೆಯುತ್ತದೆ.

ರಿಪೇರಿಗೆ ಮತ್ತೆ ಹೊಸ ಕರ್ನಲ್‌ನಲ್ಲೇ ಬೂಟ್ ಆಗಿ, ಟರ್ಮಿನಲ್ ತೆರೆಯಿರಿ. ಅರ್ಧಕ್ಕೆ ನಿಂತ ಅಪ್‌ಡೇಟ್ ಮೊದಲು ಮುಗಿಯಬೇಕು: ಸುಡೊ, ಡಿಪಿಕೆಜಿ, ಡ್ಯಾಶ್ ಡ್ಯಾಶ್ ಕಾನ್ಫಿಗರ್, ಡ್ಯಾಶ್ ಎ. ಅದು ಮುಗಿದ ಮೇಲೆ ಸುಡೊ ಆಪ್ಟ್ ಇನ್‌ಸ್ಟಾಲ್ ಡ್ಯಾಶ್ ಎಫ್ (ಆಪ್ಟ್ ಅಂದರೆ ಉಬುಂಟುವಿನಲ್ಲಿ ಪ್ರೋಗ್ರಾಮ್ ಹಾಕುವ, ತೆಗೆಯುವ ಕಮಾಂಡ್). ಎಷ್ಟೋ ಸಲ ಇಷ್ಟಕ್ಕೇ ಕೆಲಸ ಮುಗಿಯುತ್ತದೆ, ರೀಸ್ಟಾರ್ಟ್ ಮಾಡಿ ನೋಡಿ. ಆಗಲಿಲ್ಲ ಅಂದರೆ ಕರ್ನಲ್ ಮತ್ತು ಹೆಡರ್ ಎರಡನ್ನೂ ಒಟ್ಟಿಗೆ ತರುವ ಪ್ಯಾಕೇಜ್ ಇದೆಯೇ ಎಂದು ಖಚಿತ ಮಾಡಿಕೊಳ್ಳಿ. 22.04ರ ಡೆಸ್ಕ್‌ಟಾಪ್‌ನಲ್ಲಿ ಅದರ ಹೆಸರು ಲಿನಕ್ಸ್ ಡ್ಯಾಶ್ ಜೆನೆರಿಕ್ ಡ್ಯಾಶ್ ಎಚ್‌ಡಬ್ಲ್ಯುಇ ಡ್ಯಾಶ್ 22.04. ಸುಡೊ ಆಪ್ಟ್ ಇನ್‌ಸ್ಟಾಲ್ ಬರೆದು ಪಕ್ಕದಲ್ಲಿ ಇದನ್ನು ಹಾಕಿ. ಕೊನೆಗೆ ಸುಡೊ ಉಬುಂಟು ಡ್ಯಾಶ್ ಡ್ರೈವರ್ಸ್ ಇನ್‌ಸ್ಟಾಲ್. ನಿಮ್ಮ ಕಾರ್ಡಿಗೆ ತಕ್ಕ ಡ್ರೈವರ್ ಯಾವುದು ಎಂದು ಅದೇ ನೋಡಿಕೊಳ್ಳುತ್ತದೆ. ಜಾಗ ಇಲ್ಲ ಎಂಬ ದೂರು ಬಂದರೆ ಡಿಎಫ್ ಡ್ಯಾಶ್ ಎಚ್ ಹೊಡೆದು ನೋಡಿ. ಬೂಟ್‌ಗೆ ಬೇರೆ ಪಾರ್ಟಿಷನ್ ಇರುವವರಲ್ಲಿ ಹಳೆಯ ಕರ್ನಲ್‌ಗಳು ತುಂಬಿಕೊಂಡು ಹೊಸದಕ್ಕೆ ಜಾಗ ಸಿಗದೆ ಹೀಗಾಗುವುದುಂಟು.

ರೀಸ್ಟಾರ್ಟ್ ಆದ ಮೇಲೆ ಎನ್‌ವಿಡಿಯಾ ಡ್ಯಾಶ್ ಎಸ್‌ಎಂಐ ಎಂದು ಹೊಡೆಯಿರಿ. ಕಾರ್ಡಿನ ಹೆಸರು, ಉಷ್ಣಾಂಶ, ಮೆಮೊರಿ ಇರುವ ಪೆಟ್ಟಿಗೆ ಬಂದರೆ ಗೆದ್ದಿರಿ.

ಆ ಪೆಟ್ಟಿಗೆಯ ಬದಲು ಡ್ರೈವರ್ ಜೊತೆ ಮಾತಾಡಲು ಆಗುತ್ತಿಲ್ಲ ಎಂಬ ಸಾಲು ಬಂದರೆ, ಸುಡೊ ಮಾಡ್‌ಪ್ರೋಬ್ ಎನ್‌ವಿಡಿಯಾ ಹೊಡೆದು ಅದು ಏನು ಬೈಯುತ್ತದೆ ಓದಿ. ‘ನಾಟ್ ಫೌಂಡ್’ ಅಂದರೆ ಮಾಡ್ಯೂಲ್ ಇನ್ನೂ ಹೊಲಿದಿಲ್ಲ. ಡಿಕೆಎಂಎಸ್ ಸ್ಟೇಟಸ್ ಎಂಬ ಕಮಾಂಡ್ ಏನು ಹೇಳುತ್ತದೆ ನೋಡಿ. ‘ಕೀ ವಾಸ್ ರಿಜೆಕ್ಟೆಡ್’ ಅಂದರೆ ಅಂಗಿ ತಯಾರಾಗಿದೆ, ಬಾಗಿಲಲ್ಲಿ ಕಾವಲುಗಾರ ತಡೆದಿದ್ದಾನೆ. ಆ ಕಾವಲುಗಾರನ ಹೆಸರು ಸೆಕ್ಯೂರ್ ಬೂಟ್, ತನಗೆ ಗುರುತಿರುವ ಸಹಿ ಇಲ್ಲದ ಮಾಡ್ಯೂಲನ್ನು ಒಳಗೆ ಬಿಡುವುದಿಲ್ಲ.

ಈ ಸೆಕ್ಯೂರ್ ಬೂಟ್ ವಿಷಯದಲ್ಲಿ ಜನ ಎಡವುವುದು ಒಂದೇ ಕಡೆ. ಡ್ರೈವರ್ ಹಾಕುವಾಗ ಉಬುಂಟು ಒಂದು ಪಾಸ್‌ವರ್ಡ್ ಕೇಳುತ್ತದೆ. ಎಲ್ಲರೂ ಏನೋ ಒಂದು ಹಾಕಿ ಮುಂದೆ ಹೋಗುತ್ತಾರೆ. ಮುಂದಿನ ಬೂಟ್‌ನಲ್ಲಿ ನೀಲಿ ಪರದೆ ಬರುತ್ತದೆ. ಅದನ್ನು ನೋಡಿದ ಕೂಡಲೇ ವಿಂಡೋಸ್‌ನ ನೀಲಿ ಪರದೆ ನೆನಪಾಗಿ ಗಾಬರಿ. ಹತ್ತು ಸೆಕೆಂಡಿನಲ್ಲಿ ಯಾವುದಾದರೂ ಕೀ ಒತ್ತದಿದ್ದರೆ ಅದು ಸುಮ್ನೆ ಮುಂದೆ ಹೋಗಿಬಿಡುತ್ತದೆ, ನಿಮ್ಮ ಅವಕಾಶವೂ ಹೋಯಿತು. ಒತ್ತಿದರೆ ‘ಎನ್‌ರೋಲ್ ಎಂಒಕೆ’ (ಆ ಸಹಿಯ ಕೀಯನ್ನು ನೋಂದಾಯಿಸು ಎಂದು) ಆರಿಸಿ, ‘ಕಂಟಿನ್ಯೂ’, ‘ಯೆಸ್’, ಆಮೇಲೆ ಅದೇ ಪಾಸ್‌ವರ್ಡ್. ತಪ್ಪಿಸಿಕೊಂಡಿದ್ದರೆ ಸುಡೊ ಅಪ್‌ಡೇಟ್ ಡ್ಯಾಶ್ ಸೆಕ್ಯೂರ್‌ಬೂಟ್ ಡ್ಯಾಶ್ ಪಾಲಿಸಿ, ಸ್ಪೇಸ್, ಡ್ಯಾಶ್ ಡ್ಯಾಶ್ ಎನ್‌ರೋಲ್ ಡ್ಯಾಶ್ ಕೀ ಎಂದು ಹೊಡೆದರೆ ಮತ್ತೆ ಪಾಸ್‌ವರ್ಡ್ ಕೇಳುತ್ತದೆ, ಮುಂದಿನ ಬೂಟ್‌ನಲ್ಲಿ ನೀಲಿ ಪರದೆ ಮತ್ತೆ ಬರುತ್ತದೆ. ಬಯೋಸ್‌ನಲ್ಲಿ ಸೆಕ್ಯೂರ್ ಬೂಟ್ ಆಫ್ ಮಾಡಿದರೂ ಕೆಲಸ ಆಗುತ್ತದೆ. ಮನೆಯ ಡೆಸ್ಕ್‌ಟಾಪ್‌ಗೆ ಅದು ಮಹಾಪಾಪ ಏನಲ್ಲ, ಆದರೆ ಎರಡು ನಿಮಿಷದ ಕೆಲಸಕ್ಕೆ ಬಾಗಿಲನ್ನೇ ಕಿತ್ತಿಡುವುದು ನನಗೆ ಇಷ್ಟವಿಲ್ಲ.

ಇನ್ನೊಂದು ಇದೆ, ಸಣ್ಣದು. ಉಬುಂಟು ಹಾಕುವಾಗ ಪರದೆ ಕಪ್ಪಾದರೆ ‘ನೋಮೋಡ್‌ಸೆಟ್’ (ಗ್ರಾಫಿಕ್ಸ್ ಡ್ರೈವರ್ ಪರದೆಯನ್ನು ಹಿಡಿಯದಂತೆ ತಡೆಯುವ ಬೂಟ್ ಪದ) ಸೇರಿಸಿ ಎಂದು ಯಾರೋ ಹೇಳಿರುತ್ತಾರೆ. ಆಗ ಸೇರಿಸಿದ್ದು ತೆಗೆಯಲು ಮರೆತುಹೋಗಿರುತ್ತದೆ. ಕ್ಯಾಟ್ ಸ್ಲ್ಯಾಶ್ ಪ್ರಾಕ್ ಸ್ಲ್ಯಾಶ್ ಸಿಎಂಡಿಲೈನ್ ಹೊಡೆದು ಆ ಪದ ಇದೆಯೇ ನೋಡಿ. ಇದ್ದರೆ ಸ್ಲ್ಯಾಶ್ ಇಟಿಸಿ ಸ್ಲ್ಯಾಶ್ ಡಿಫಾಲ್ಟ್ ಸ್ಲ್ಯಾಶ್ ಗ್ರಬ್ ಫೈಲ್‌ನಿಂದ ತೆಗೆದು, ಸುಡೊ ಅಪ್‌ಡೇಟ್ ಡ್ಯಾಶ್ ಗ್ರಬ್ ಓಡಿಸಿ. ಹಳೆಯ ಕರ್ನಲ್‌ನಲ್ಲಿ ಎಲ್ಲ ಸರಿಯಿತ್ತು ಎಂದಾದರೆ ನಿಮಗೆ ಇದು ಬೇಕಾಗಲಾರದು.

ಒಂದು ಮಾತ್ರ ಮಾಡಬೇಡಿ. ಎನ್‌ವಿಡಿಯಾ ಸೈಟಿನಿಂದ ‘ಡಾಟ್ ರನ್’ ಫೈಲ್ ಇಳಿಸಿಕೊಂಡು ಮೇಲೆ ಹಾಕಬೇಡಿ. ವಿಂಡೋಸ್ ಅಭ್ಯಾಸದವರಿಗೆ ಮೊದಲು ಹೊಳೆಯುವುದೇ ಅದು, ನನಗೂ ಹೊಳೆದಿತ್ತು. ಆಪ್ಟ್‌ಗೆ ಗೊತ್ತಿಲ್ಲದ ಹಾಗೆ ಅದು ಫೈಲ್‌ಗಳನ್ನು ಹಾಕಿಬಿಡುತ್ತದೆ. ಮುಂದೆ ಆಪ್ಟ್ ತನ್ನದನ್ನು ಹಾಕುತ್ತದೆ, ಎರಡರ ಆವೃತ್ತಿ ತಾಳೆಯಾಗುವುದಿಲ್ಲ, ಪರದೆ ಪೂರ್ತಿ ಕಪ್ಪೂ ಆಗಬಹುದು. ನನ್ನ 18.04 ಕಥೆಯ ಮೂಲವೂ ಇದೇ. ಹಾಕಿದ್ದು ನಾನು, ಮರೆತದ್ದೂ ನಾನು, ಬೈದಿದ್ದು ಮಾತ್ರ ಮೌಸ್‌ಗೆ. ನೀವು ಈಗಾಗಲೇ ಹಾಕಿದ್ದರೆ ಸುಡೊ ಎನ್‌ವಿಡಿಯಾ ಡ್ಯಾಶ್ ಅನ್‌ಇನ್‌ಸ್ಟಾಲ್ ಎಂದು ಮೊದಲು ತೆಗೆದುಬಿಡಿ. ಎಎಂಡಿ ಅಥವಾ ಇಂಟೆಲ್ ಗ್ರಾಫಿಕ್ಸ್ ಇರುವವರು ಇದನ್ನು ಓದುತ್ತಿದ್ದರೆ, ನಿಮ್ಮ ಡ್ರೈವರ್ ಕರ್ನಲ್ ಮತ್ತು ಮೀಸಾ ಜೊತೆಗೇ ಬರುತ್ತದೆ, ಈ ಹೊಲಿಗೆಯ ರಗಳೆ ನಿಮಗಿಲ್ಲ.

ಎನ್‌ವಿಡಿಯಾ ಬಗ್ಗೆ ಲಿನಕ್ಸ್‌ನವರ ಸಿಟ್ಟು ಹಳೆಯದು. 2012ರಲ್ಲಿ ಫಿನ್ಲೆಂಡಿನ ಆಲ್ಟೋ ವಿಶ್ವವಿದ್ಯಾಲಯದಲ್ಲಿ ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ಕ್ಯಾಮೆರಾ ಮುಂದೆಯೇ ಆ ಕಂಪನಿಗೆ ಮಧ್ಯದ ಬೆರಳು ತೋರಿಸಿದ್ದರು. 2022ರ ಮೇ ತಿಂಗಳಲ್ಲಿ ಎನ್‌ವಿಡಿಯಾ ತನ್ನ ಕರ್ನಲ್ ಮಾಡ್ಯೂಲ್‌ಗಳ ಸೋರ್ಸ್ ಕೋಡ್ ಬಿಡುಗಡೆ ಮಾಡಿತು. ನಿಮ್ಮ 1650 ಟ್ಯೂರಿಂಗ್ ತಲೆಮಾರಿನದು, ಆ ಮುಕ್ತ ಮಾಡ್ಯೂಲ್ ಅದರಲ್ಲೂ ಓಡುತ್ತದೆ. ಆದರೂ ಅದು ಕರ್ನಲ್‌ನ ಹೊರಗೇ ಇದೆ, ಕರೆಂಟ್ ಹೋದರೆ ಅದರ ಪಾಡೂ ಇದೇ.

ಈಗ ಉಳಿದ ಮಾತು. ಬೆಕ್ಕು ಇಲಿ ಪರೀಕ್ಷೆಯಲ್ಲೂ ಚಿಹ್ನೆಗಳು ತಡೆದು ತಡೆದು ಬಂದರೆ? ನಿಮ್ಮ ಎರಡೂ ಮೌಸ್ ವೈರ್‌ಲೆಸ್ ಅಲ್ವಾ. ಅದರ ಪುಟ್ಟ ರಿಸೀವರ್ ಎಲ್ಲಿ ಚುಚ್ಚಿದ್ದೀರಿ ನೋಡಿ. ಪಕ್ಕದ ಯುಎಸ್‌ಬಿ 3.0 ಪೋರ್ಟ್‌ನಲ್ಲಿ ಹಾರ್ಡ್‌ಡಿಸ್ಕ್ ಓಡುತ್ತಿದ್ದರೆ ಅದರಿಂದ ಹೊರಡುವ ರೇಡಿಯೋ ಗದ್ದಲ 2.4 ಗಿಗಾಹರ್ಟ್ಸ್‌ನ ಸುತ್ತಲೇ ಇರುತ್ತದೆ, ಮೌಸ್ ಮಾತಾಡುವುದೂ ಅಲ್ಲೇ. ಸಂತೆಯಲ್ಲಿ ಪಿಸುಗುಟ್ಟಿದ ಹಾಗೆ. ಇಂಟೆಲ್ ಕಂಪನಿಯೇ 2012ರಲ್ಲಿ ಈ ಬಗ್ಗೆ ಒಂದು ವರದಿ ಬರೆದಿತ್ತು. ರಿಸೀವರನ್ನು ಕ್ಯಾಬಿನೆಟ್‌ನ ಹಿಂಬದಿಯಿಂದ ತೆಗೆದು, ಒಂದು ಯುಎಸ್‌ಬಿ 2.0 ಎಕ್ಸ್‌ಟೆನ್ಶನ್ ವೈರ್ ಹಾಕಿ ಮೇಜಿನ ಮೇಲೆ ತನ್ನಿ. ಇದಕ್ಕೂ ಲಿನಕ್ಸ್‌ಗೂ ಸಂಬಂಧವೇ ಇಲ್ಲ, ವಿಂಡೋಸ್‌ನಲ್ಲೂ ಹೀಗೇ ಆಗುತ್ತದೆ.

ಮೌಸ್ ಸ್ವಲ್ಪ ಹೊತ್ತು ಬಿಟ್ಟು ಮುಟ್ಟಿದಾಗ ಮಾತ್ರ ಮೊದಲ ಒಂದೆರಡು ಸೆಕೆಂಡ್ ಸತ್ತಂತಿದ್ದರೆ ಅದು ಬೇರೆ ರೋಗ. ಪವರ್‌ಟಾಪ್ ಎಂಬ ವಿದ್ಯುತ್ ಉಳಿಸುವ ಪ್ರೋಗ್ರಾಮ್ ಹಾಕಿ ‘ಆಟೋಟ್ಯೂನ್’ ಕೊಟ್ಟಿದ್ದೀರಾ ನೆನಪಿಸಿಕೊಳ್ಳಿ. ಅದು ಮೌಸನ್ನೂ ನಿದ್ದೆಗೆ ಕಳಿಸುತ್ತದೆ. ಡೆಸ್ಕ್‌ಟಾಪ್‌ಗೆ ಅದರ ಅಗತ್ಯವೇ ಇಲ್ಲ, ತೆಗೆದುಬಿಡಿ.

ಇಷ್ಟಾದರೂ ಸರಿಯಾಗದಿದ್ದರೆ ಮಾಡ್‌ಪ್ರೋಬ್ ಮತ್ತು ಡಿಕೆಎಂಎಸ್ ಸ್ಟೇಟಸ್ ಏನು ಹೇಳಿದವು ಎಂಬುದನ್ನು ಇದ್ದ ಹಾಗೇ ಕೆಳಗೆ ಹಾಕಿ, ಸಂಜೆ ನೋಡುತ್ತೇನೆ. ಅಷ್ಟರಲ್ಲಿ ಆ ಹೊಸ ಮೌಸ್‌ನ ಬಿಲ್ ಹುಡುಕಿಡಿ. ಅಂಗಡಿಯವರು ವಾಪಸ್ ತಗೊಂಡರೂ ತಗೊಳ್ಳಬಹುದು.