ರಷ್ಯನ್ ಬ್ಯಾಲೆಗಳ ಸೂಟ್ ಕೇಳಿದರೆ ಸಾಕಾ, ಪೂರ್ತಿ ಬ್ಯಾಲೆನೇ ಕೇಳಬೇಕಾ?

ಚೈಕೋವ್‌ಸ್ಕಿ, ಪ್ರೊಕೊಫಿಯೆವ್, ಸ್ಟ್ರಾವಿನ್‌ಸ್ಕಿ ಇವರ ಬ್ಯಾಲೆ ಸಂಗೀತ ಬಹಳ ಉದ್ದ, ಸೂಟ್ ಕೇಳಿ ಮುಗಿಸಬಹುದಲ್ವಾ ಅಂತ ಕೇಳಿದ್ದೀರಿ. ಸೂಟ್ ಅಂದರೆ ಬ್ಯಾಲೆಯ ಕೆಲವು ಭಾಗಗಳನ್ನು ಆರಿಸಿ, ನೃತ್ಯವಿಲ್ಲದೆ ಕಛೇರಿಯಲ್ಲಿ ನುಡಿಸಲು ಹೊಂದಿಸಿದ್ದು. ಅದನ್ನು ಆರಿಸಿದವರು ಯಾರು, ಯಾಕೆ ಆರಿಸಿದರು ಅಂತ ನಾನು ಮೊದಲು ನೋಡುತ್ತೇನೆ.

‘ನಟ್‌ಕ್ರ್ಯಾಕರ್’ ಆದರೆ ಸೂಟ್‌ನಿಂದಲೇ ಶುರು ಮಾಡಿ. ಚೈಕೋವ್‌ಸ್ಕಿ ಸ್ವತಃ ಆರಿಸಿದ್ದು. 1892ರ ಮಾರ್ಚ್‌ನಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಸೂಟ್ ಕೇಳಿಸಿದರು, ಬ್ಯಾಲೆ ರಂಗಕ್ಕೆ ಬಂದಿದ್ದು ಡಿಸೆಂಬರ್‌ನಲ್ಲಿ. ಅದರಲ್ಲಿ ಗೆಜ್ಜೆಯಂತೆ ಕಿಣಿಕಿಣಿ ಅನ್ನೋದು ಸೆಲೆಸ್ಟಾ ಅನ್ನೋ, ಪಿಯಾನೋದಂತೆ ಮಣೆ ಒತ್ತಿ ನುಡಿಸುವ ವಾದ್ಯ. ಅದನ್ನು ಪ್ಯಾರಿಸ್‌ನಿಂದ ಗುಟ್ಟಾಗಿ ತರಿಸಿ, ಬೇರೆ ಸಂಗೀತ ರಚನೆಕಾರರಾದ ರಿಮ್‌ಸ್ಕಿ-ಕೊರ್ಸಕೋವ್‌ಗೂ ಗ್ಲಾಜುನೋವ್‌ಗೂ ಗೊತ್ತಾಗಬಾರದು ಅಂತ ತಮ್ಮ ಪ್ರಕಾಶಕರಿಗೆ ಪತ್ರ ಬರೆದಿದ್ದರು! ಆದರೆ ಒಂದು ನಷ್ಟ ಇದೆ. ಎರಡನೇ ಅಂಕದ ಕೊನೆಯ ಹೊತ್ತಿಗೆ ಬರುವ ಜೋಡಿ ನೃತ್ಯದ ಸಂಗೀತ ಸೂಟ್‌ನಲ್ಲಿಲ್ಲ. ಅದರ ಮುಖ್ಯ ರಾಗ ನೋಡಿದರೆ ಬರೀ ಶಂಕರಾಭರಣದ ಅವರೋಹಣ, ಮೇಲಿನ ಸ-ದಿಂದ ಕೆಳಗಿನ ಸ-ವರೆಗೆ. ಅಷ್ಟರಲ್ಲೇ ಕಣ್ಣು ತುಂಬಿಸುತ್ತಾರೆ. ಅದನ್ನು ಬೇರೆಯಾಗಿ ಹುಡುಕಿ ಕೇಳಿ.

ಪ್ರೊಕೊಫಿಯೆವ್‌ನ ‘ರೋಮಿಯೋ ಆ್ಯಂಡ್ ಜೂಲಿಯೆಟ್’ ಕಥೆಯೇ ಬೇರೆ. 1935ರಲ್ಲಿ ಸಂಗೀತ ಬರೆದಾಗ, ಇದಕ್ಕೆ ಕುಣಿಯೋಕಾಗಲ್ಲ ಅಂದುಬಿಟ್ಟರು ಮಾಸ್ಕೋದ ಬೊಲ್ಶೋಯ್ ಥಿಯೇಟರ್‌ನವರು. ಸಂಗೀತ ಸುಮ್ನೆ ಪೆಟ್ಟಿಗೆಯಲ್ಲಿ ಕೊಳೆಯಬಾರದಲ್ಲ, ಹಾಗಾಗಿ 1936ರಲ್ಲಿ ಒಂದು ಸೂಟ್, 1937ರಲ್ಲಿ ಇನ್ನೊಂದು ಜನರ ಕಿವಿಗೆ ಬಿತ್ತು. ಬ್ಯಾಲೆ ಮೊದಲು ಪ್ರದರ್ಶನವಾಗಿದ್ದು 1938ರಲ್ಲಿ, ಅದೂ ಜೆಕೊಸ್ಲೊವಾಕಿಯಾದ ಬ್ರ್ನೋ ನಗರದಲ್ಲಿ. ಲೆನಿನ್‌ಗ್ರಾಡ್‌ಗೆ ಬಂದಿದ್ದು 1940ಕ್ಕೆ. ಮೂರನೇ ಸೂಟ್ ಆಮೇಲಿನದು.

ಈ ಸೂಟ್‌ಗಳಲ್ಲಿ ಕಥೆಯ ಕ್ರಮ ಹುಡುಕಬೇಡಿ. ಮೊದಲನೆಯದು ಜೂಲಿಯೆಟ್‌ಳ ದಾಯಾದಿ ಟೈಬಾಲ್ಟ್‌ನ ಸಾವಿಗೆ ಮುಗಿಯುತ್ತದೆ. ಎರಡನೆಯದು ಮತ್ತೆ ಹಿಂದಕ್ಕೆ ಹೋಗಿ ‘ಮಾಂಟೆಗ್ಯೂ ಮತ್ತು ಕ್ಯಾಪುಲೆಟ್’ನಿಂದ (ರೋಮಿಯೋ, ಜೂಲಿಯೆಟ್‌ರ ಹಗೆ ಸಾಧಿಸುವ ಮನೆತನಗಳ ಹೆಸರು) ಶುರುವಾಗುತ್ತದೆ. ಜಾಹೀರಾತುಗಳಲ್ಲೆಲ್ಲ ಕೇಳಿರುತ್ತೀರಿ, ಭಾರವಾದ ಹೆಜ್ಜೆಯ ಆ ತುಣುಕನ್ನು. ಅದೂ ಬ್ಯಾಲೆಯಲ್ಲಿ ಒಂದೇ ಕಡೆ ಇಲ್ಲ. ಶುರುವಿನ ಕಿವಿ ಕಿವುಡಾಗಿಸುವ ಸ್ವರಗಳು ಬೀದಿ ಜಗಳ ನಿಲ್ಲಿಸಲು ಬಂದ ರಾಜನ ಅಪ್ಪಣೆ. ಹೆಜ್ಜೆಯ ಭಾಗ ಕ್ಯಾಪುಲೆಟ್ ಮನೆಯ ಔತಣದ್ದು. ಎರಡನ್ನೂ ಸೂಟ್‌ಗೆಂದು ಅಂಟಿಸಿದ್ದಾರೆ. ಕಛೇರಿಗೆ ಅದು ಸೊಗಸೇ, ನಾನು ಬೇಡ ಅನ್ನಲ್ಲ. ಆದರೆ ಪೂರ್ತಿ ಬ್ಯಾಲೆಯಲ್ಲಿ ಜೂಲಿಯೆಟ್‌ಳ ರಾಗ ಮತ್ತೆ ಮತ್ತೆ ಬರುತ್ತದೆ, ಬಂದಾಗಲೆಲ್ಲ ಇನ್ನಷ್ಟು ತೂಕ ಹೊತ್ತು ಬರುತ್ತದೆ. ಸೂಟ್‌ನಲ್ಲಿ ಅದು ಕೈಗೆ ಸಿಗಲ್ಲ. ಸುಮಾರು ಎರಡೂವರೆ ಗಂಟೆ ಆದರೂ ಪರವಾಗಿಲ್ಲ, ಇದೊಂದನ್ನು ಪೂರ್ತಿ ಕೇಳಿ.

ಇಲ್ಲಿ ಇನ್ನೊಂದು ಎಚ್ಚರಿಕೆ: ಎಷ್ಟೋ ಕಂಡಕ್ಟರ್‌ಗಳು ಈ ಸೂಟ್‌ಗಳಿಂದ ತಮಗೆ ಬೇಕಾದ್ದನ್ನು ಹೆಕ್ಕಿ ತಮ್ಮದೇ ಸರಣಿ ಮಾಡಿಕೊಳ್ಳುತ್ತಾರೆ. ‘ಸ್ವಾನ್ ಲೇಕ್’ಗೂ ಇದೇ ಹಣೆಬರಹ. ಅದರ ಸೂಟ್ ಅಚ್ಚಾಗಿದ್ದೇ 1900ರಲ್ಲಿ, ಚೈಕೋವ್‌ಸ್ಕಿ ತೀರಿಕೊಂಡು ಏಳು ವರ್ಷದ ಮೇಲೆ.

‘ಫೈರ್‌ಬರ್ಡ್’ ಹುಡುಕುವಾಗ ವರ್ಷ ನೋಡಿ. ಬ್ಯಾಲೆ 1910ರದ್ದು, ಸ್ಟ್ರಾವಿನ್‌ಸ್ಕಿಯೇ ಮಾಡಿದ ಸೂಟ್‌ಗಳು ಮೂರು: 1911, 1919, 1945. ಜಾಸ್ತಿ ಸಿಗೋದು 1919ರದ್ದು, ಅದರಲ್ಲಿ ಆರ್ಕೆಸ್ಟ್ರಾವೂ ಚಿಕ್ಕದು. ಪೂರ್ತಿ ಬ್ಯಾಲೆ ಮುಕ್ಕಾಲು ಗಂಟೆಯಷ್ಟೇ ಇರೋದರಿಂದ ಇಲ್ಲಿ ಸೂಟ್‌ನ ಗೊಡವೆಗೇ ಹೋಗಬೇಡಿ.